ನೋವನ್ನೇ ಬರೆದ ಕವಯತ್ರಿಯರು: ಇದು ಕಾವ್ಯವೋ, ಬರೀ ಅಳಲೋ?

ಸಾಧನಕೇರಿ ಓದುಗಿ, ಧಾರವಾಡ

ನಾವು ಕೆಲವರು ತಿಂಗಳಿಗೊಮ್ಮೆ ಸೇರಿ ಕವಿತೆ ಓದುತ್ತೇವೆ. ಈ ಸಲ ಅಮೆರಿಕದ ಕವಯತ್ರಿಯರಾದ ಸಿಲ್ವಿಯಾ ಪ್ಲಾತ್, ಆನ್ ಸೆಕ್ಸ್‌ಟನ್ ಇಟ್ಟುಕೊಂಡಿದ್ದೆವು. ಜಗಳವೇ ಆಯಿತು. ಹಿರಿಯರೊಬ್ಬರು, ಆಸ್ಪತ್ರೆ, ಮಾತ್ರೆ, ಸಾಯುವ ಆಸೆ ಎಲ್ಲ ಊರ ಮುಂದೆ ಹರವಿದರೆ ಅದು ಕಾಯಿಲೆ, ಕಾವ್ಯ ಅಲ್ಲ ಅಂದುಬಿಟ್ಟರು. ಚಿಕ್ಕವರಿಗೆ ಸಿಟ್ಟು ಬಂತು. ನನಗೆ ಎರಡೂ ಕಡೆಯ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಪ್ಲಾತ್ ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಸೆಕ್ಸ್‌ಟನ್ ಕವಿತೆಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೆ ಉಸಿರು ಕಟ್ಟುತ್ತದೆ, ನಾನು ನಾನು ಅನ್ನೋದು ಜಾಸ್ತಿ ಆಯಿತು ಅನಿಸುತ್ತದೆ.

ಇನ್ನೊಂದು ಪ್ರಶ್ನೆ. ಇಬ್ಬರೂ ತಾವಾಗಿ ಜೀವ ಕಳೆದುಕೊಂಡವರು, ಪ್ಲಾತ್ 1963ರಲ್ಲಿ 30ನೇ ವಯಸ್ಸಿಗೆ, ಸೆಕ್ಸ್‌ಟನ್ 1974ರಲ್ಲಿ. ಅದು ಗೊತ್ತಿರುವುದಕ್ಕೇ ಕವಿತೆ ನಮಗೆ ದೊಡ್ಡದಾಗಿ ಕಾಣುತ್ತಿದೆಯಾ? ಓದಿದವರು ಹೇಳಿ.

ಗದಗಿನ ಕನ್ನಡ ಮಾಸ್ತರ

ನಾನು ನಿಮ್ಮ ಹಿರಿಯರ ಕಡೆಗೇ ಸ್ವಲ್ಪ ವಾಲುತ್ತೇನೆ. ನೋವು ನಿಜ ಅಂದ ಮಾತ್ರಕ್ಕೆ ಕವಿತೆ ಒಳ್ಳೆಯದಾಗುವುದಿಲ್ಲ. ನಿಮ್ಮೂರಿನ ಬೇಂದ್ರೆಯವರನ್ನೇ ನೋಡಿ. ಮಗು ತೀರಿಕೊಂಡಾಗ ಬರೆದ 'ನೀ ಹೀಂಗ ನೋಡಬ್ಯಾಡ ನನ್ನ' ಪದ್ಯದಲ್ಲಿ ನನಗೆ ಎಷ್ಟು ಸಂಕಟ ಅಂತ ಅವರು ಲೆಕ್ಕ ಒಪ್ಪಿಸುವುದಿಲ್ಲ. ಹೆಂಡತಿಯ ನೋಟವನ್ನು ಎದುರಿಸಲಾಗದೆ ಮಾತಾಡುತ್ತಾರೆ, ಹಗಲಿನ ಮುಗಿಲಲ್ಲಿ ಹುಣ್ಣಿಮೆ ಚಂದ್ರನ ಹೆಣ ತೇಲಿ ಬಂದದ್ದನ್ನು ತೋರಿಸುತ್ತಾರೆ. ಓದುವವನ ಎದೆ ಒಡೆಯಲು ಅಷ್ಟು ಸಾಕು.

ಪ್ಲಾತ್ ಬರೆದ 'ಡ್ಯಾಡಿ'ಯಲ್ಲಿ ನನಗೆ ಬೇರೆಯದೇ ತಕರಾರು. ತನ್ನ ಮನೆಯ ನೋವು ಹೇಳಲು ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರಗಳನ್ನು ಎಳೆದು ತರುತ್ತಾಳೆ. ಲಕ್ಷಾಂತರ ಜನರ ಸಾವು ಒಬ್ಬಳ ಸಿಟ್ಟಿಗೆ ಉಪಮೆಯಾಗಬಹುದಾ? ಆ ಕವಿತೆಯ ಲಯಕ್ಕೆ ತಲೆದೂಗುತ್ತೇನೆ, ಶಿಶುಗೀತೆಯ ಹಾಗೆ ಬಡಿಯುತ್ತಾ ಹೋಗುತ್ತದೆ, ಆದರೂ ಇದನ್ನು ನುಂಗಲು ನನಗೆ ಆಗಿಲ್ಲ.

ವಿದ್ಯಾನಗರದ ಓದುಗಿ, ಹುಬ್ಬಳ್ಳಿ

ಮಾಸ್ತರ, ಬೇಂದ್ರೆಯವರ ಉದಾಹರಣೆ ಕೊಟ್ಟಿರಲ್ಲ, ನನ್ನ ಮಾತೂ ಅಲ್ಲಿಂದಲೇ ಶುರು. ಅವರೂ ಬರೆದದ್ದು ಸ್ವಂತ ಮನೆಯ ದುಃಖವನ್ನೇ. ಅದನ್ನು ನಾವು ಕಾಯಿಲೆ ಅನ್ನಲಿಲ್ಲ. ಹೆಣ್ಣು ಬರೆದಾಗ ಮಾತ್ರ ಡಾಕ್ಟರ ಚೀಟಿ ಯಾಕೆ ಹುಡುಕುತ್ತೀವಿ?

ಸ್ವಂತ ಬದುಕಿನ ಗುಟ್ಟು, ನೋವು ಬಿಚ್ಚಿಟ್ಟು ಬರೆದದ್ದಕ್ಕೆ ಹಚ್ಚುವ ಈ 'ತಪ್ಪೊಪ್ಪಿಗೆ ಕಾವ್ಯ' ಅನ್ನುವ ಹಣೆಪಟ್ಟಿ ಮೊದಲು ಬಿದ್ದದ್ದೂ ಗಂಡಸಿನ ಪುಸ್ತಕಕ್ಕೆ. 1959ರಲ್ಲಿ ಅಮೆರಿಕದ ಕವಿ ರಾಬರ್ಟ್ ಲೊವೆಲ್ ಪುಸ್ತಕದ ವಿಮರ್ಶೆಯಲ್ಲಿ ಎಂ. ಎಲ್. ರೋಸೆಂತಾಲ್ ಅದನ್ನು ಬಳಸಿದರು. ಅದೇ ವರ್ಷ ಬಾಸ್ಟನ್ನಿನಲ್ಲಿ ಲೊವೆಲ್ ನಡೆಸುತ್ತಿದ್ದ ಕವಿತೆಯ ಕ್ಲಾಸಿನಲ್ಲಿ ಪ್ಲಾತ್, ಸೆಕ್ಸ್‌ಟನ್ ಇಬ್ಬರೂ ಕೂತಿದ್ದರು. ಹುಚ್ಚಾಸ್ಪತ್ರೆಯ ವಾಸ ಬರೆದ ಲೊವೆಲ್‌ಗೆ ಧೈರ್ಯವಂತ ಅಂತ ಹೆಸರು ಬಂತು. ಸೆಕ್ಸ್‌ಟನ್‌ಗೆ ಮಾತ್ರ ಆಕೆಯ ಮೊದಲ ಗುರು ಜಾನ್ ಹೋಮ್ಸ್, ಇಂಥ ಕವಿತೆ ಪ್ರಕಟಿಸಬೇಡ ಅಂದರು. ಆಕೆ ಅವರಿಗೆ ಕವಿತೆಯಲ್ಲೇ ಉತ್ತರ ಬರೆದಳು. ಮುಂದೆ 1967ರಲ್ಲಿ ಆಕೆಗೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು.

ಸುಮ್ನೆ ಕಣ್ಣೀರು ಸುರಿಸಿ ಬರೆದವರಲ್ಲ ಇವರು. ಸೆಕ್ಸ್‌ಟನ್ ಮತ್ತು ಗೆಳತಿ ಮ್ಯಾಕ್ಸಿನ್ ಕ್ಯೂಮಿನ್ ಫೋನ್ ಇಡದೆ ಗಂಟೆಗಟ್ಟಲೆ ಒಬ್ಬರಿಗೊಬ್ಬರು ಕರಡು ಓದಿ ತಿದ್ದುತ್ತಿದ್ದರು. ಪ್ಲಾತ್ 1962ರ ಕೊನೆಯಲ್ಲಿ, ಗಂಡನಿಂದ ದೂರವಾಗಿ, ಇಬ್ಬರು ಮಕ್ಕಳು ಏಳುವ ಮೊದಲು ಬೆಳಗಿನ ಜಾವ ನಾಲ್ಕಕ್ಕೆಲ್ಲ ಎದ್ದು ಬರೆದಳು.

ಸಾವಿನ ಕಡೆಯಿಂದ ಓದಬೇಕಾ ಅಂದಿರಿ. ತನ್ನ 'ಏರಿಯಲ್' ಕವನಸಂಕಲನದ ಹಸ್ತಪ್ರತಿಯನ್ನು ಪ್ಲಾತ್ ತಾನೇ ಒಂದು ಕ್ರಮದಲ್ಲಿ ಜೋಡಿಸಿಟ್ಟಿದ್ದಳು. ಹುಟ್ಟಿದ ಮಗುವಿನ ಮೇಲಿನ ಪ್ರೀತಿಯಿಂದ ಶುರುವಾಗಿ, ಚಳಿಗಾಲ ದಾಟಿದ ಜೇನುಹುಳಗಳು ವಸಂತದ ರುಚಿ ನೋಡುವಲ್ಲಿಗೆ ಅದು ಮುಗಿಯುತ್ತದೆ. ಆಕೆಯ ಗಂಡ, ಕವಿ ಟೆಡ್ ಹ್ಯೂಸ್ 1965ರಲ್ಲಿ ಪ್ರಕಟಿಸುವಾಗ ಕೆಲವು ಕವಿತೆ ಬಿಟ್ಟರು, ಕೆಲವು ಸೇರಿಸಿದರು, ಕ್ರಮವನ್ನೂ ಬದಲಿಸಿದರು. ಆಕೆಯ ಕ್ರಮದಲ್ಲೇ ಪುಸ್ತಕ ಬಂದದ್ದು 2004ರಲ್ಲಿ. ಅಷ್ಟು ವರ್ಷ ಓದುಗರ ಕೈಯಲ್ಲಿದ್ದ ಪುಸ್ತಕ ಸಾವಿನ ಕಡೆಗೇ ಜಾರುತ್ತಿತ್ತು. ಹತಾಶೆಯಿಂದ ಹೊರಗೆ ಬರುವ ದಾರಿಯನ್ನೂ ಆಕೆ ಬರೆದಿದ್ದಳು, ಅದನ್ನು ನೋಡದೆ ಹತಾಶೆಯ ಕವಿ ಅಂದುಬಿಟ್ಟರೆ ಅನ್ಯಾಯ ಅಲ್ವಾ?

ಬಂಕಾಪುರದ ಕಡೆಯವಳು, ಹಾವೇರಿ

ನಮ್ಮ ಕಡೆ ಬೀಸುವಾಗ ಹಾಡಿದ ಹೆಂಗಸರು ಕಡಿಮೆ ಅತ್ತರಾ? ತವರು ದೂರ, ಅತ್ತೆಯ ಮಾತು, ಮಕ್ಕಳಿಲ್ಲದ ಸಂಕಟ, ಎಲ್ಲ ತ್ರಿಪದಿಯಲ್ಲಿದೆ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದಾಗ ನಾವೆಲ್ಲ ಅದನ್ನು ಸಂಪತ್ತು ಅಂದೆವು. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಬಾರದು. ಬೀಸುವ ಪದಕ್ಕೆ ಹಾಡಿದವಳ ಹೆಸರಿಲ್ಲ, ಅದು ಓಣಿಯ ಎಲ್ಲ ಹೆಂಗಸರ ದುಃಖ. ಪ್ಲಾತ್, ಸೆಕ್ಸ್‌ಟನ್, ನಮ್ಮ ನೆರೆಯ ಕೇರಳದ ಕಮಲಾ ದಾಸ್, ಇವರು ಅದೇ ದುಃಖದ ಕೆಳಗೆ ತಮ್ಮ ಹೆಸರು ಬರೆದು ಸಹಿ ಹಾಕಿದರು. ಜನ ಬೆಚ್ಚಿದ್ದು ಆ ಸಹಿಗೆ ಅಂತ ನನಗೆ ಅನಿಸುತ್ತದೆ.

ಅಕ್ಕಮಹಾದೇವಿಯೂ ಲೋಕದ ಗಂಡಂದಿರನ್ನು ಒಲೆಗೆ ಇಕ್ಕು ಅಂದವಳೇ. ಆದರೆ ಅಕ್ಕನ ಅಳಲು ಕೇಳಲು ಚೆನ್ನಮಲ್ಲಿಕಾರ್ಜುನ ಇದ್ದ. ಸೆಕ್ಸ್‌ಟನ್ ಓದುವಾಗ ಉಸಿರು ಕಟ್ಟುವುದು ಆಕೆಯ ಮಾತಿಗೆ ಆ ಕಡೆ ಕಿವಿ ಇಲ್ಲದ್ದರಿಂದ ಇರಬಹುದು. ಕೊನೆಕೊನೆಗೆ ಆಕೆಯೂ ದೇವರನ್ನು ಹುಡುಕುತ್ತಾ ಬರೆದಳು.

ನಿಮ್ಮ ಗುಂಪಿನಲ್ಲಿ ಚಿಕ್ಕವರಿದ್ದಾರೆ ಅಂದಿರಿ. ಓದಲಿ, ಜೊತೆಗೆ ಕೂತು ಓದಿ. ಆದರೆ ಯಾರಿಗಾದರೂ ನಿಜವಾಗಿ ಬದುಕು ಬೇಡ ಅನಿಸುತ್ತಿದ್ದರೆ ವಾಸಿ ಮಾಡುವ ಕೆಲಸವನ್ನು ಕವಿತೆಗೆ ಬಿಡಬೇಡಿ. ಸೆಕ್ಸ್‌ಟನ್ ಬರೆಯಲು ಶುರು ಮಾಡಿದ್ದೇ ಡಾಕ್ಟರ ಸಲಹೆಯಿಂದ, ಕವಿತೆ ಆಕೆಯನ್ನು ಕವಿ ಮಾಡಿತು, ಕಾಯಿಲೆ ವಾಸಿ ಮಾಡಲಿಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಗದಗಿನ ಕನ್ನಡ ಮಾಸ್ತರ

ಸಹಿಯ ಮಾತು ಒಪ್ಪಿದೆ. ಜೇನಿನ ಕವಿತೆಗಳನ್ನು ಒಟ್ಟಿಗೆ ಇಟ್ಟು ಮತ್ತೆ ಓದುತ್ತೇನೆ. 'ಡ್ಯಾಡಿ' ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ.

ಸಾಧನಕೇರಿ ಓದುಗಿ, ಧಾರವಾಡ

ಎಲ್ಲರಿಗೂ ಧನ್ಯವಾದ. ಮುಂದಿನ ತಿಂಗಳು ಬೇಂದ್ರೆ ಪದ್ಯ, ಕೆಲವು ಬೀಸುವ ಪದ, ಪ್ಲಾತಳ ಜೇನಿನ ಕವಿತೆ, ಮೂರನ್ನೂ ಒಂದೇ ದಿನ ಓದೋಣ ಅಂದುಕೊಂಡಿದ್ದೇನೆ. ಹಿರಿಯರನ್ನೂ ಕರೆಯುತ್ತೇನೆ, ಅವರು ಜಗಳ ಆಡಲಿ. ಹಾವೇರಿಯವರೇ, ನಿಮಗೆ ಬಾಯಿಪಾಠ ಇರುವ ತ್ರಿಪದಿ ಇದ್ದರೆ ಇಲ್ಲೇ ಬರೆದು ಹಾಕಿ, ಪುಸ್ತಕದಲ್ಲಿ ಇಲ್ಲದ್ದಾದರೆ ಇನ್ನೂ ಒಳ್ಳೆಯದು.