ಅಪ್‌ಡೇಟ್: ಮೀನಿನ ವಾಸನೆ ಆಗದ ಅತ್ತೆ ಮೀನು ತಿಂದರು

ಅತ್ತೆಗೂ ನಾದಿನಿಗೂ ಮೀನಿನ ವಾಸನೆ ಆಗಲ್ಲ, ಮನೆಯಲ್ಲಿ ಹೇಗೆ ಮಾಡಲಿ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಬಂಗುಡೆ, ಭೂತಾಯಿ ಮೀನು ಕೈಬಿಟ್ಟೆ. ಎರಡರಲ್ಲೂ ಎಣ್ಣೆ ಅಂಶ ಜಾಸ್ತಿ, ವಾಸನೆಯೂ ಜೋರು. ನಮ್ಮ ಚಿಕ್ಕಮಗಳೂರಿಗೆ ಮೀನು ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರಬೇಕು ಅಲ್ವಾ, ಹಾಗಾಗಿ ಬೆಳಿಗ್ಗೆಯೇ ಹೋಗಿ, ಕಿವಿರು ಕೆಂಪಗಿದೆಯಾ ನೋಡಿ ಕಾಣೆ ಮೀನು ತಂದೆ. ಸಮುದ್ರದ ಮೀನು ಹಳತಾದಷ್ಟೂ ಟ್ರೈಮೀಥೈಲಮೈನ್ ಅನ್ನೋ ರಾಸಾಯನಿಕ ಹೆಚ್ಚುತ್ತದೆ, ಆ ನಾತ ಅದರದ್ದೇ. ಹುಳಿ ತಾಗಿದರೆ ಅದು ಗಾಳಿಗೆ ಹಾರುವುದು ಕಡಿಮೆ. ಅದಕ್ಕೇ ಉಪ್ಪು, ಅರಿಶಿನ, ನಿಂಬೆರಸ ಸವರಿ ಕಾಲು ಗಂಟೆ ಬಿಟ್ಟೆ. ಆಮೇಲೆ ತೊಳೆದು, ನೀರಿನ ಪಸೆ ಇಲ್ಲದ ಹಾಗೆ ಒರೆಸಿ, ಖಾರದಪುಡಿ, ಶುಂಠಿ, ಬೆಳ್ಳುಳ್ಳಿ, ಹುಣಸೆರಸ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಗರಿಗರಿಯಾಗಿ ಹುರಿದೆ. ಹಾಲಲ್ಲಿ ನೆನೆಸಿ ಅಂದಿದ್ದರು ಕೆಲವರು. ಯಾಕೋ ಮನಸ್ಸು ಬರಲಿಲ್ಲ.

ನಾದಿನಿ ಇನ್ನೊಂದು ಹಾಕಿಸಿಕೊಂಡಳು. ಅತ್ತೆ ಒಂದು ತುಂಡು ತಿಂದು, "ಪರವಾಗಿಲ್ಲ ಕಣಮ್ಮ, ಆದರೆ ಸಾರು ಮಾತ್ರ ಬೇಡ" ಅಂದರು. ಸರಿ, ಸದ್ಯಕ್ಕೆ ಸಾರಿಲ್ಲ.

ಕೆರೆ ಮೀನಿನ ಬಗ್ಗೆ ಕೇಳಿದವರಿಗೆ: ಅದರ ಮಣ್ಣು ವಾಸನೆಗೆ ಕಾರಣ ಜಿಯೋಸ್ಮಿನ್ ಅನ್ನೋ ಬೇರೆಯದೇ ವಸ್ತು. ಅದಕ್ಕೂ ಹುಳಿಯೇ ಮದ್ದು.