ಆಗುಂಬೆಯಷ್ಟು ಮಳೆಯಿದ್ದರೂ ನಮ್ಮಲ್ಲಿ ಬೇಲಂನಂಥ ಗುಹೆಗಳಿಲ್ಲವೇಕೆ?

ಪ್ರಶ್ನೆ (ತೀರ್ಥಹಳ್ಳಿ):
ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆಗಳನ್ನು ಈಚೆಗೆ ನೋಡಿ ಬಂದೆವು. ಮೂರು ಕಿಲೋಮೀಟರಿಗೂ ಉದ್ದವಾದ ಆ ಸುರಂಗಗಳನ್ನು ಕೊರೆದದ್ದು ನೀರೇ ಎಂದು ತಿಳಿದು ಬೆರಗಾಯಿತು, ಏಕೆಂದರೆ ಮೇಲಿರುವುದು ಒಣ ಬಯಲು. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿರುವ ನಮಗೆ ಅಂಥ ಒಂದು ಗುಹೆಯೂ ಇಲ್ಲವೇಕೆ?

ಉತ್ತರ (ಶಿವಮೊಗ್ಗ):
ಮಳೆ ಎಷ್ಟು ಎನ್ನುವುದಕ್ಕಿಂತ ಕಲ್ಲು ಯಾವುದು ಎನ್ನುವುದೇ ಇಲ್ಲಿ ಮುಖ್ಯ. ಮಳೆನೀರು ಗಾಳಿಯಿಂದ ಸ್ವಲ್ಪ, ಬೇರುಗಳು ಉಸಿರಾಡುವ ಮಣ್ಣಿನಿಂದ ಅದರ ಹತ್ತಾರು ಪಟ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಬೇಲಂನಲ್ಲಿರುವ ಸುಣ್ಣಕಲ್ಲು ಅದರಲ್ಲಿ ಕರಗಿ ನೀರಿನೊಡನೆ ಹೊರಟುಹೋಗುತ್ತದೆ. ಕೂದಲೆಳೆಯಷ್ಟು ಬಿರುಕು ಬೆರಳಗಲವಾಗಲು ಸಾವಿರಾರು ವರ್ಷ ಬೇಕು. ಅಲ್ಲಿಂದ ಮುಂದೆ ನೀರು ರಭಸವಾಗಿ ಹರಿಯುವುದರಿಂದ ಕೊರೆತವೂ ಚುರುಕಾಗುತ್ತದೆ. ನಮ್ಮ ಬೆಟ್ಟಗಳಲ್ಲಿ ಹೆಚ್ಚಾಗಿರುವ, ಗ್ರಾನೈಟಿನಂತೆ ಗಟ್ಟಿಯಾದ ನೈಸ್ ಎಂಬ ಶಿಲೆ ಹಾಗಲ್ಲ. ಅದರ ಬೆಣಚು ಹೆಚ್ಚುಕಡಿಮೆ ಕರಗುವುದೇ ಇಲ್ಲ, ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗಿ ಬಿರುಕನ್ನೇ ಮುಚ್ಚಿಬಿಡುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಚಾವಣಿಯಿಂದ ಇಳಿಬಿದ್ದಿರುವ ಕೋಲುಗಳು ನೀರು ಆರಿ ಉಳಿದ ಸುಣ್ಣವೇ?

ಉತ್ತರ (ಸಾಗರ):
ಸಾಮಾನ್ಯವಾಗಿ ಹಾಗೆ ಹೇಳುತ್ತಾರೆ, ಆದರೆ ತೇವ ತುಂಬಿದ ಗುಹೆಯಲ್ಲಿ ನೀರು ಆರುವುದು ಕಡಿಮೆ. ಹನಿಯಿಂದ ಇಂಗಾಲದ ಡೈಆಕ್ಸೈಡ್ ಗುಹೆಯ ಗಾಳಿಗೆ ಹಾರಿಹೋದಾಗ ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಉಳಿಯುವುದಿಲ್ಲ. ಬಯಲುಸೀಮೆಯ ನೆಂಟರ ಮನೆಯ ಬಚ್ಚಲ ಹಂಡೆಯೊಳಗೆ ಕೈಯಾಡಿಸಿ ನೋಡಿ: ಕಾಯಿಸಿದ ನೀರಿನಿಂದ ಅದೇ ಅನಿಲ ಹೊರಬಿದ್ದು ಕಟ್ಟಿದ ಬಿಳಿಯ ಹಕ್ಕಳೆ ಒರಟಾಗಿ ತಾಗುತ್ತದೆ. ನಮ್ಮ ಬಾವಿಯ ನೀರಿನಲ್ಲಿ ಸುಣ್ಣವೇ ಕಡಿಮೆಯಾದ್ದರಿಂದ ಸಾಬೂನು ಬೇಗ ನೊರೆಯಾಗುತ್ತದೆ, ಹಂಡೆಯೂ ನಯವಾಗಿರುತ್ತದೆ. ಗುಹೆಯ ಕೋಲು ಬೆಳೆಯುವುದು ವರ್ಷಕ್ಕೆ ಸುಮಾರು 0.1 ಮಿ.ಮೀ. ಮಾತ್ರ, ಗೇಣುದ್ದದ್ದಕ್ಕೆ ಎರಡು ಸಾವಿರ ವರ್ಷವಾದರೂ ಬೇಕು. ದಯವಿಟ್ಟು ಮುರಿದು ತರಬೇಡಿ.

ಉತ್ತರ (ಸಿದ್ದಾಪುರ):
ಸಹ್ಯಾದ್ರಿಯಲ್ಲಿ ಸುಣ್ಣಕಲ್ಲೇ ಇಲ್ಲವೆಂದುಕೊಳ್ಳಬೇಡಿ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂದು ನಮ್ಮ ಕಡೆ ಹೇಳುವ ಆ ಯಾಣದ ಕಪ್ಪು ಬಂಡೆಗಳು ಸುಣ್ಣಕಲ್ಲಿನವೇ. ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ, ಬಂಡೆಯ ಸೀಳಿನೊಳಗೆ ಲಿಂಗದ ಮೇಲೆ ಈಗಲೂ ನೀರು ಹನಿಯುತ್ತದೆ.