ಮಾತು ಬಾರದ ಅಜ್ಜಿ ಹಾಡೋದು ಹೇಗೆ?

ಮಲೆನಾಡ ಮೊಮ್ಮಗಳು:
ನಾಲ್ಕು ತಿಂಗಳ ಹಿಂದೆ ಅಜ್ಜಿಗೆ ಸ್ಟ್ರೋಕ್ ಆಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಅಂದರು. ನಾವು ಹೇಳಿದ್ದು ಅರ್ಥವಾಗುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ನಿನ್ನೆ ಕಾಫಿ ಲೋಟ ತೋರಿಸಿ "ಅದು... ಅದು..." ಅಂತ ಒದ್ದಾಡಿದರು, ಕಣ್ಣಲ್ಲಿ ನೀರು. ಸಂಜೆ ದೀಪ ಹಚ್ಚುವಾಗ ನಾನು ಸುಮ್ನೆ ಒಂದು ದೇವರನಾಮ ಶುರು ಮಾಡಿದೆ. ಅಜ್ಜಿ ದನಿಗೂಡಿಸಿ ಪಲ್ಲವಿ ಪೂರ್ತಿ ಹಾಡಿಬಿಟ್ಟರು! ಒಂದಕ್ಷರ ತಪ್ಪಲಿಲ್ಲ. ಹೇಗೆ ಸಾಧ್ಯ?

ಸ್ಪೀಚ್ ಥೆರಪಿಸ್ಟ್, ಮೈಸೂರು:
ಮೆದುಳಿಗೆ ಪೆಟ್ಟಾಗಿ ಹೀಗೆ ಮಾತು ಹೊರಡದಿರುವುದಕ್ಕೆ ಅಫೇಸಿಯಾ ಅನ್ನುತ್ತೇವೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ ಇಂಥ ಒಬ್ಬ ರೋಗಿಯನ್ನು ನೋಡಿದರು. ಏನು ಕೇಳಿದರೂ ಅವರ ಬಾಯಲ್ಲಿ "ಟಾನ್" ಅಂತಷ್ಟೇ ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಮೆದುಳು ನೋಡಿದರೆ, ಎಡಗಡೆ ಮುಂಭಾಗದಲ್ಲೇ ಹಾನಿ. ಮಾತಿಗೆ ಹೆಚ್ಚಾಗಿ ಎಡಭಾಗವೇ ಬೇಕು, ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಜೊತೆಗೆ ವರ್ಷಗಟ್ಟಲೆ ಬಾಯಿಪಾಠವಾದ ಸಾಲನ್ನು ಹೊಸದಾಗಿ ಪದ ಹುಡುಕಿ ಕಟ್ಟಬೇಕಿಲ್ಲ, ಅಲ್ವಾ? 1973ರಿಂದ ಇದನ್ನೇ ಹಿಡಿದು ಒಂದು ಚಿಕಿತ್ಸೆಯೂ ಇದೆ. ಮಾತನ್ನು ರಾಗವಾಗಿ ಎಳೆದು ಹೇಳಿಸುತ್ತಾರೆ, ಎಡಗೈಯಲ್ಲಿ ತಾಳ ಹಾಕಿಸುತ್ತಾರೆ. ನಿಮ್ಮ ಥೆರಪಿಸ್ಟ್ ಹತ್ತಿರ ಕೇಳಿ.

ಶಿರಸಿಯ ಓದುಗ:
ನಮ್ಮಪ್ಪನಿಗೂ ಹೀಗೇ ಆಗಿತ್ತು. ಮಾತಿಗೆ ತಡವರಿಸಿದಾಗ ನಾವೇ ವಾಕ್ಯ ಮುಗಿಸುತ್ತಿದ್ದೆವು. ಅದು ತಪ್ಪು. ಕಾಯಿರಿ.

ಮಲೆನಾಡ ಮೊಮ್ಮಗಳು:
ಇವತ್ತು ಬೆಳಿಗ್ಗೆ ಅಜ್ಜಿಯ ಎಡಗೈ ಹಿಡಿದು ಮೆಲ್ಲಗೆ ತಟ್ಟುತ್ತಾ "ಕಾ...ಫಿ ಬೇ...ಕು" ಅಂತ ಎಳೆದು ಹಾಡಿದೆ. ಮೂರನೇ ಸಲಕ್ಕೆ "ಕಾಫಿ" ಅಂದರು. ಲೋಟ ತುಂಬಾ ಕೊಟ್ಟೆ.